ಬರ ಎದುರಿಸುವ ಪಂಚಾಯಿತಿ ಯೋಜನೆ: ಕಾಮಗಾರಿ ಪಟ್ಟಿಗೂ ಮೊದಲು ಏನು ಮಾಡಬೇಕು?

ಕಡೂರು, ಅರಸೀಕೆರೆ, ತರೀಕೆರೆ, ಅಜ್ಜಂಪುರ ಕಡೆಯ ಪಂಚಾಯಿತಿಗಳಲ್ಲಿ ಬರದ ಯೋಜನೆ ಅಂದರೆ ಸಾಮಾನ್ಯವಾಗಿ ಒಂದು ಪಟ್ಟಿ. ಇಷ್ಟು ಚೆಕ್ ಡ್ಯಾಂ, ಇಷ್ಟು ಕೃಷಿ ಹೊಂಡ, ಇಷ್ಟು ಕೆರೆ ಹೂಳು, ಇಷ್ಟು ಗಿಡ. ಪಟ್ಟಿ ಪಾಸಾಗುತ್ತದೆ, ಕೆಲಸವೂ ನಡೆಯುತ್ತದೆ. ಎರಡು ವರ್ಷದಲ್ಲಿ ಚೆಕ್ ಡ್ಯಾಂ ಮಣ್ಣಿನಿಂದ ತುಂಬುತ್ತದೆ, ಮೂರನೇ ವರ್ಷ ಮತ್ತೆ ಟ್ಯಾಂಕರ್ ಬರುತ್ತದೆ. ತಪ್ಪು ಕೆಲಸದಲ್ಲಿ ಇರುವುದಕ್ಕಿಂತ ಕೆಲಸದ ಕ್ರಮದಲ್ಲಿ ಜಾಸ್ತಿ ಇರುತ್ತದೆ. ಈ ಬರಹ ಆ ಕ್ರಮದ ಬಗ್ಗೆ. ಪಂಚಾಯಿತಿ ಸದಸ್ಯರು, ಪಿಡಿಒಗಳು, ಕೆರೆ ಬಳಕೆದಾರರ ಸಂಘದವರು, ಊರಿನ ಯುವಕರು, ಯಾರು ಬೇಕಾದರೂ ಇದನ್ನು ಹಿಡಿದು ಶುರು ಮಾಡಬಹುದು.

ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ದೇಶದ ಮಟ್ಟದಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಒಂದು, ಬರಡಾಗುತ್ತಿರುವ ನೆಲವನ್ನು ಉಳಿಸುವುದು. ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಒಪ್ಪಂದವನ್ನು ಭಾರತ 1996ರಲ್ಲಿ ಅನುಮೋದಿಸಿತು. 2030ರೊಳಗೆ 2.6 ಕೋಟಿ ಹೆಕ್ಟೇರ್ ನೆಲವನ್ನು ಮತ್ತೆ ಸರಿ ಮಾಡುತ್ತೇವೆ ಎಂದು 2019ರಲ್ಲಿ ಹೇಳಿದೆ. ಇಸ್ರೊ 2021ರಲ್ಲಿ ಹೊರತಂದ ನಕ್ಷೆಯ ಪ್ರಕಾರ ದೇಶದ 9.78 ಕೋಟಿ ಹೆಕ್ಟೇರ್, ಅಂದರೆ ಸುಮಾರು ಶೇ. 30ರಷ್ಟು ನೆಲ ಸತ್ವ ಕಳೆದುಕೊಳ್ಳುತ್ತಿದೆ. ಕರ್ನಾಟಕದಲ್ಲಿ ಅದು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ. ಎರಡನೆಯ ಕೆಲಸ, ಮಳೆ ಕೈಕೊಟ್ಟ ವರ್ಷ ಜನ, ದನ, ಬೆಳೆಯನ್ನು ಕಾಪಾಡುವುದು. ಅದಕ್ಕೆ ಕೇಂದ್ರದ 2016ರ ಬರ ನಿರ್ವಹಣಾ ಕೈಪಿಡಿ ಇದೆ.

ಮೊದಲನೆಯದು ಹತ್ತು ವರ್ಷದ ಕೆಲಸ. ಎರಡನೆಯದು ಈ ವರ್ಷದ್ದು. ಇವೆರಡನ್ನೂ ಒಂದೇ ಪಟ್ಟಿಯಲ್ಲಿ ಕಲಸಿದರೆ ಎರಡೂ ಕೆಡುತ್ತವೆ. ಒಂದೇ ಪುಸ್ತಕವಿರಲಿ, ಆದರೆ ಎರಡು ಭಾಗ ಮಾಡಿ.

## ಏನೇನು ಬೇಕು, ಯಾವಾಗ ಶುರು ಮಾಡಬೇಕು

ದೊಡ್ಡ ಸಾಮಾನು ಬೇಡ. ಗ್ರಾಮ ನಕ್ಷೆಯ ದೊಡ್ಡ ಪ್ರತಿ, ಬಣ್ಣದ ಪೆನ್ಸಿಲ್, ದಿಶಾಂಕ್ ಆ್ಯಪ್ ಇರುವ ಮೊಬೈಲ್ (ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ), ಐವತ್ತು ಮೀಟರ್ ಟೇಪು, ಬಾವಿಯ ನೀರಿನ ಮಟ್ಟ ನೋಡಲು ತುದಿಗೆ ತೂಕ ಕಟ್ಟಿದ ಹಗ್ಗ, ಒಂದು ಎ ಫ್ರೇಮ್. ಎ ಫ್ರೇಮನ್ನು ಮೂರು ಗಳುವಿನಲ್ಲಿ ಊರಲ್ಲೇ ಮಾಡಿಕೊಳ್ಳಬಹುದು. ಎರಡು ಕಾಲು, ನಡುವೆ ಒಂದು ಅಡ್ಡಪಟ್ಟಿ, ಮೇಲಿನಿಂದ ಕಲ್ಲು ಕಟ್ಟಿದ ದಾರ. ಎರಡು ಕಾಲೂ ಒಂದೇ ಮಟ್ಟದಲ್ಲಿದ್ದಾಗ ದಾರ ಅಡ್ಡಪಟ್ಟಿಯ ನಡು ಗುರುತಿಗೆ ಬರುತ್ತದೆ.

ಇದರ ಜೊತೆಗೆ ಮಳೆ ದಾಖಲೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಮಳೆಮಾಪಕ ಇಟ್ಟಿದೆ. ನಿಮ್ಮ ಪಂಚಾಯಿತಿಯ ಅಂಕಿ ತೆಗೆದುಕೊಳ್ಳಿ. ಜಿಲ್ಲೆಯ ಸರಾಸರಿ ಖಂಡಿತ ಬೇಡ. ಚಿಕ್ಕಮಗಳೂರು ಜಿಲ್ಲೆಯ ಸರಾಸರಿಯಲ್ಲಿ ಶೃಂಗೇರಿ, ಕೊಪ್ಪದ ಮಳೆಯೂ ಸೇರಿರುತ್ತದೆ. ಹಾಸನದ ಸರಾಸರಿಯಲ್ಲಿ ಸಕಲೇಶಪುರ ಇರುತ್ತದೆ. ಆ ಅಂಕಿ ಹಿಡಿದು ಕಡೂರಿಗೋ ಅರಸೀಕೆರೆಗೋ ಲೆಕ್ಕ ಹಾಕಿದರೆ ಇಲ್ಲದ ನೀರನ್ನು ಇದೆ ಎಂದು ಬರೆದ ಹಾಗಾಗುತ್ತದೆ.

ಪಂಚಾಯಿತಿ ಅಭಿವೃದ್ಧಿ ಯೋಜನೆಯ ಕೆಲಸ ಅಕ್ಟೋಬರ್ 2ರ ಸುಮಾರಿಗೆ ಶುರುವಾಗುತ್ತದೆ. ಅಷ್ಟರೊಳಗೆ ಒಮ್ಮೆ ಮಳೆ ಸುರಿಯುವಾಗಲೇ ನೆಲ ನೋಡಿರಬೇಕು. ಬೇಸಿಗೆಯಲ್ಲಿ ಮಾತ್ರ ನೋಡಿದವರಿಗೆ ನೀರು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದೇ ಗೊತ್ತಾಗುವುದಿಲ್ಲ.

## ಹಂತ 1: ನೀರಿನ ಗಡಿ ಹಾಕಿಕೊಳ್ಳಿ

ನೀರಿಗೆ ಪಂಚಾಯಿತಿ ಗಡಿ ಗೊತ್ತಿಲ್ಲ. ಬಾಬಾಬುಡನ್‌ಗಿರಿಯ ಕಡೆ ಹುಟ್ಟುವ ವೇದಾ, ಅವತಿ ಹಳ್ಳಗಳು ಸೇರಿ ವೇದಾವತಿಯಾಗಿ, ಕಡೂರಿನ ಒಣ ಸೀಮೆ ದಾಟಿ ಹಿರಿಯೂರಿನ ವಾಣಿವಿಲಾಸ ಸಾಗರ ಮುಟ್ಟುತ್ತವೆ. ಸಖರಾಯಪಟ್ಟಣದ ಅಯ್ಯನಕೆರೆ ಇದೇ ದಾರಿಯ ಕೆರೆ. ನಿಮ್ಮೂರಿನ ಚಿಕ್ಕ ಹಳ್ಳವೂ ಹೀಗೇ ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುತ್ತದೆ.

ಊರ ಕೆರೆಯ ಕೋಡಿಯಿಂದ ಹಿಂದಕ್ಕೆ ನಡೆಯಿರಿ. ಹಳ್ಳ ಹಿಡಿದು ಮೇಲೆ ಹೋದರೆ ನೀರು ಈ ಕಡೆ, ಆ ಕಡೆ ಬೇರೆಯಾಗುವ ದಿಬ್ಬ ಸಿಗುತ್ತದೆ. ಆ ದಿಬ್ಬದ ಗೆರೆಯನ್ನು ನಕ್ಷೆಯಲ್ಲಿ ಎಳೆಯಿರಿ. ಅದರೊಳಗೆ ಇರುವುದೆಲ್ಲ ನಿಮ್ಮ ಕೆರೆಯ ಜಲಾನಯನ.

ಮೇಲಿನ ಅರ್ಧ ಬೇರೆ ಪಂಚಾಯಿತಿಯಲ್ಲಿದ್ದರೆ ಈಗಲೇ ಅವರ ಜೊತೆ ಕೂತು ಮಾತಾಡಿ. ಮೇಲಿನವರು ಕೊರಕಲು ಕಟ್ಟದಿದ್ದರೆ ನೀವು ಎಷ್ಟು ಹೂಳೆತ್ತಿದರೂ ಪ್ರಯೋಜನವಿಲ್ಲ. ಈ ಮಾತುಕತೆ ಬಿಟ್ಟು ಮುಂದೆ ಹೋದ ಯೋಜನೆಗಳೇ ಜಾಸ್ತಿ ಸೋತಿವೆ.

## ಹಂತ 2: ನೆಲ ಓದಿ, ಬಣ್ಣ ಹಚ್ಚಿ

ಈಗ ಗೆರೆಯೊಳಗಿನ ನೆಲವನ್ನು ನಡೆದು ನೋಡಬೇಕು. ಜೊತೆಗೆ ಮೂವರಾದರೂ ಇರಲಿ: ಕುರಿ ಮೇಯಿಸುವವರೊಬ್ಬರು, ಹೊಲದ ಕೆಲಸ ಮಾಡುವ ಹೆಣ್ಣುಮಗಳೊಬ್ಬರು, ನೀರುಗಂಟಿ ಅಥವಾ ಕೆರೆ ಕೆಳಗೆ ಗದ್ದೆ ಮಾಡಿದ ಹಿರಿಯರೊಬ್ಬರು. ಕುರಿ ಮೇಯಿಸುವವರನ್ನು ಬಿಡಬೇಡಿ. ಎಲ್ಲಿ ಹುಲ್ಲು ನಿಂತುಹೋಯಿತು, ಯಾವ ವರ್ಷದಿಂದ, ಅವರಿಗೆ ಬಾಯಲ್ಲೇ ಇರುತ್ತದೆ.

ಮಣ್ಣು ಹೋಗುತ್ತಿರುವ ಗುರುತು ಹೀಗಿರುತ್ತವೆ. ಮರದ ಬುಡದಲ್ಲಿ ಬೇರು ಗೇಣುದ್ದ ಹೊರಗೆ ಬಂದಿರುತ್ತದೆ. ಹೊಲದ ಮೇಲ್ಭಾಗದಲ್ಲಿ ನೊರಜುಕಲ್ಲು ತೇಲಿ, ಕೆಳಗಿನ ಬದುವಿನ ಹತ್ತಿರ ನುಣ್ಣನೆ ಮಣ್ಣು ಕೂತಿರುತ್ತದೆ. ಒಂದೇ ಹೊಲದಲ್ಲಿ ಮೇಲಿನ ರಾಗಿ ಮೊಣಕಾಲುದ್ದ, ಕೆಳಗಿನದು ಸೊಂಟದುದ್ದ. ಮಳೆ ನಿಂತ ಮೇಲೆ ನೆಲದ ಮೇಲೆ ಗಟ್ಟಿ ಹೆಪ್ಪು ಕಟ್ಟುತ್ತದೆ, ಮೊಳಕೆ ಮೇಲೆ ಬರುವುದಿಲ್ಲ. ಬೆರಳು ಗಾತ್ರದ ಸೀಳು ಮುಂದಿನ ವರ್ಷಕ್ಕೆ ಕೊರಕಲಾಗುತ್ತದೆ. ಸೀಳು ಕಂಡಾಗಲೇ ಗುರುತು ಹಾಕಿದರೆ ಕೆಲಸ ಸುಲಭ. ಆಳೆತ್ತರ ಆದ ಮೇಲೆ ಅಲ್ಲ.

ಬರಡು ದಿಬ್ಬಕ್ಕೆ ಒಂದು ಬಣ್ಣ, ಕೊರಕಲಿಗೆ ಒಂದು, ಮೇಲ್ಮಣ್ಣು ತೊಳೆದುಹೋಗುತ್ತಿರುವ ಹೊಲಕ್ಕೆ ಒಂದು, ಗೋಮಾಳಕ್ಕೆ ಒಂದು, ಕೆರೆ, ಕಟ್ಟೆ, ರಾಜಕಾಲುವೆಗೆ ಒಂದು. ಪ್ರತಿ ಜಾಗದ ಸರ್ವೆ ನಂಬರ್ ಬರೆಯಿರಿ, ಅದೇ ಜಾಗದಿಂದ ಒಂದು ಫೋಟೊ ತೆಗೆಯಿರಿ.

ಇಲ್ಲಿ ಕಾವಲುಗಳ ಬಗ್ಗೆ ಹೇಳಲೇಬೇಕು. ಕಡೂರು, ಅರಸೀಕೆರೆ, ಅಜ್ಜಂಪುರ ಸುತ್ತ ಅಮೃತಮಹಲ್ ಕಾವಲುಗಳಿವೆ, ಅಂದರೆ ಅಮೃತಮಹಲ್ ತಳಿಯ ದನಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳು. ಮರವಿಲ್ಲದ ಹುಲ್ಲುಗಾವಲು ನೋಡಿ "ಪಾಳು" ಎಂದು ಬರೆದು, ಸಾಲುಸಾಲು ಗುಂಡಿ ತೋಡಿ ಗಿಡ ನೆಡುವ ಪ್ರಸ್ತಾವಗಳು ಬರುತ್ತಲೇ ಇರುತ್ತವೆ. ಇದು ದೊಡ್ಡ ತಪ್ಪು. ಹುಲ್ಲುಗಾವಲು ಹಾಳಾದ ಕಾಡಲ್ಲ. ಅದರ ಬೇರು ಮಣ್ಣನ್ನು ಹಿಡಿದಿದೆ, ಬರಗಾಲದಲ್ಲಿ ದನಕ್ಕೆ ಮೇವು ಕೊಡುತ್ತದೆ. ಕಡೂರು ತಾಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳು ಉಳಿದಿರುವುದು ಹುಲ್ಲು ಉಳಿದದ್ದರಿಂದ. ಅದನ್ನು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶ ಮಾಡಿದ್ದಾರೆ. ನಿಮ್ಮ ನಕ್ಷೆಯಲ್ಲಿ ಕಾವಲು ಬಂದರೆ ಅಲ್ಲಿ ಮಾಡಬೇಕಾದ್ದು ಇಷ್ಟೇ: ಒತ್ತುವರಿ ತಡೆಯುವುದು, ಜಾಲಿ ಹಬ್ಬಿದ್ದರೆ ತೆಗೆಯುವುದು, ಬೆಂಕಿ ಬೀಳದಂತೆ ನೋಡುವುದು, ಮೇಯಿಸಲು ಸರದಿ ಮಾಡುವುದು. ಜಾಗ ಯಾವ ಇಲಾಖೆಯದೋ ಅವರನ್ನು ಕೇಳದೆ ಒಂದು ಗುದ್ದಲಿಯನ್ನೂ ಹಾಕಬೇಡಿ.

## ಹಂತ 3: ನೀರಿನ ಲೆಕ್ಕ ಬರೆಯಿರಿ

ಇಡೀ ಯೋಜನೆಯಲ್ಲಿ ಜನ ಹಾರಿಸಿಬಿಡುವುದು ಇದನ್ನೇ. ಹಾರಿಸಿದರೆ ಮುಂದಿನ ಎಲ್ಲ ಹಂತಗಳೂ ಅಂದಾಜಿನ ಮೇಲೆ ನಿಲ್ಲುತ್ತವೆ. ಅಟಲ್ ಭೂಜಲ ಯೋಜನೆ ನಡೆದ ಪಂಚಾಯಿತಿಗಳಲ್ಲಿ ನೀರಿನ ಬಜೆಟ್ ಎಂದು ಇದನ್ನೇ ಮಾಡಿಸಿದರು. ನಿಮ್ಮಲ್ಲಿ ಹಳೆಯ ಪ್ರತಿ ಇದ್ದರೆ ಹುಡುಕಿ ತೆಗೆಯಿರಿ.

ಲೆಕ್ಕ ಕಷ್ಟವಿಲ್ಲ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,047 ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆಯ ಊರಿನಲ್ಲಿ ಎಕರೆಗೆ ಸುಮಾರು 24 ಲಕ್ಷ ಲೀಟರ್. ಜಲಾನಯನ ಸಾವಿರ ಎಕರೆ ಇದ್ದರೆ 240 ಕೋಟಿ ಲೀಟರ್. ಕೇಳಿದರೆ ಭಾರಿ ಅನ್ನಿಸುತ್ತದೆ, ಅಲ್ವಾ? ಆದರೆ ಇದರಲ್ಲಿ ಹೆಚ್ಚಿನ ಪಾಲು ಆವಿಯಾಗುತ್ತದೆ, ಗಿಡ ಕುಡಿಯುತ್ತದೆ, ಹಳ್ಳ ಹಿಡಿದು ಹೋಗುತ್ತದೆ. ನಮ್ಮದು ಕೆಳಗೆ ಗಟ್ಟಿ ಬಂಡೆ ಇರುವ ನೆಲ. ಬಿದ್ದ ಮಳೆಯ ಹತ್ತನೇ ಒಂದು ಭಾಗ ಭೂಮಿಗೆ ಇಂಗುತ್ತದೆ ಎಂದರೂ ಅದು ಧಾರಾಳ ಲೆಕ್ಕ. ಅಂದರೆ ಸಾವಿರ ಎಕರೆಗೆ 24 ಕೋಟಿ ಲೀಟರ್. ಬೋರ್‌ವೆಲ್‌ಗಳಿಂದ ವರ್ಷಕ್ಕೆ ಎತ್ತಬಹುದಾದ್ದು ಹೆಚ್ಚೆಂದರೆ ಇಷ್ಟೇ.

ಈಗ ಖರ್ಚಿನ ಕಡೆ ನೋಡಿ. 1,500 ಜನರ ಊರಿಗೆ ತಲಾ ದಿನಕ್ಕೆ 55 ಲೀಟರ್ ಎಂದರೆ ವರ್ಷಕ್ಕೆ ಸುಮಾರು 3 ಕೋಟಿ ಲೀಟರ್. ದನ, ಕುರಿಗೆ ಬೇರೆ. ಆಮೇಲೆ ತೋಟ. ಎಕರೆಗೆ 550 ಅಡಿಕೆ ಗಿಡ, ಹನಿ ನೀರಾವರಿಯಲ್ಲೇ ಗಿಡಕ್ಕೆ ದಿನಕ್ಕೆ 18 ಲೀಟರ್ ಹಿಡಿದರೂ ದಿನಕ್ಕೆ ಹತ್ತು ಸಾವಿರ ಲೀಟರ್ ಹತ್ತಿರ. ಬೇಸಿಗೆಯ ನಾಲ್ಕು ತಿಂಗಳಿಗೆ 12 ಲಕ್ಷ ಲೀಟರ್. ಒಂದು ಎಕರೆಯಲ್ಲಿ ಇಂಗುವುದು ಎರಡೂವರೆ ಲಕ್ಷದೊಳಗೆ. ಹಾಗಾದರೆ ಒಂದು ಎಕರೆ ಅಡಿಕೆ ಐದು ಎಕರೆಯ ಇಂಗಿದ ನೀರನ್ನು ಕುಡಿಯುತ್ತದೆ. ಸಾವಿರ ಎಕರೆಯ ಜಲಾನಯನದಲ್ಲಿ 200 ಎಕರೆ ಅಡಿಕೆ ಬಂದರೆ ಇಂಗಿದ ನೀರೆಲ್ಲ ಅಲ್ಲಿಗೇ ಮುಗಿಯಿತು. ಕುಡಿಯುವ ನೀರಿಗೂ ಉಳಿಯಲಿಲ್ಲ, ತೆಂಗಿಗೂ ಉಳಿಯಲಿಲ್ಲ. ಹನಿ ಇಲ್ಲದೆ ಕಾಲುವೆ ಮಾಡಿ ಬೋರ್ ನೀರು ಹಾಯಿಸುವ ತೋಟಗಳಿದ್ದರೆ ಇನ್ನೂ ಬೇಗ.

ಈ ಲೆಕ್ಕವನ್ನು ಯಾರನ್ನೂ ಬೈಯಲು ಹಾಕುತ್ತಿಲ್ಲ. ಅಡಿಕೆ ಹಾಕಿದವರಿಗೂ ಸಂಸಾರ ಇದೆ, ರಾಗಿಗೆ ಬೆಲೆ ಸಿಗದೆ ಹಾಕಿದವರೇ ಹೆಚ್ಚು. ಆದರೆ ಊರಿನ ಎಲ್ಲರಿಗೂ ಈ ಅಂಕಿ ಗೊತ್ತಿರಬೇಕು. ಇದನ್ನು ದೊಡ್ಡ ಅಕ್ಷರದಲ್ಲಿ ಬರೆದು ಗ್ರಾಮಸಭೆಯಲ್ಲಿ ಗೋಡೆಗೆ ಅಂಟಿಸಿ. ನಿಮ್ಮ ಊರಿನ ಎಕರೆ, ನಿಮ್ಮ ಮಳೆ, ನಿಮ್ಮ ಬೆಳೆ ಹಾಕಿ ಮತ್ತೆ ಗುಣಿಸಿ. ಖರ್ಚು ಜಮೆಗಿಂತ ಜಾಸ್ತಿ ಬಂದರೆ, ಯಾವ ಚೆಕ್ ಡ್ಯಾಂ ಕಟ್ಟಿದರೂ ಸಾಕಾಗುವುದಿಲ್ಲ ಎಂದು ಮುಂಚೆಯೇ ತಿಳಿಯುತ್ತದೆ. ಆಗ ಯೋಜನೆಯಲ್ಲಿ ಬಳಕೆ ಇಳಿಸುವ ಭಾಗವೂ ಬೇಕು: ಹೊಸ ಬೋರ್ ಬೇಡ ಎಂಬ ಒಪ್ಪಂದ, ತೋಟಕ್ಕೆ ಮುಚ್ಚಿಗೆ, ಹನಿ ನೀರಾವರಿ, ಹೊಸ ತೋಟಕ್ಕೆ ಮಿತಿ.

ಎಚ್ಚರಿಕೆಯ ಗುರುತು: ಹನಿ ನೀರಾವರಿ ಬಂದ ಮೇಲೆ ಉಳಿದ ನೀರಲ್ಲಿ ಇನ್ನೆರಡು ಎಕರೆ ತೋಟ ಮಾಡಿದರೆ ಉಳಿತಾಯ ಏನೂ ಆಗಿಲ್ಲ.

## ಹಂತ 4: ಕೆಲಸ ನೆತ್ತಿಯಿಂದ ಶುರುವಾಗಲಿ

ಗುಡ್ಡದ ನೆತ್ತಿ ಮೊದಲು, ಇಳಿಜಾರು ಆಮೇಲೆ, ಹೊಲ, ಕೊರಕಲು, ಹಳ್ಳ, ಕೊನೆಗೆ ಕೆರೆ. ಈ ಕ್ರಮ ತಿರುಗಿಸಬೇಡಿ. ಸಿಮೆಂಟಿನ ಕೆಲಸ ಬೇಗ ಮುಗಿಯುತ್ತದೆ, ಕಣ್ಣಿಗೂ ಕಾಣುತ್ತದೆ. ಅದಕ್ಕೇ ಎಲ್ಲರೂ ಕೆಳಗಿನಿಂದ ಶುರು ಮಾಡುತ್ತಾರೆ. ಮೇಲಿನ ಮಣ್ಣು ನಿಲ್ಲದೆ ಕೆಳಗೆ ಕಟ್ಟಿದ್ದು ಹೂಳಿನ ಗುಂಡಿಯಾಗುತ್ತದೆ.

ದಿಬ್ಬದ ಮೇಲೆ. ಎ ಫ್ರೇಮ್ ಹಿಡಿದು ಒಂದೇ ಮಟ್ಟದ ಗೆರೆ ಎಳೆಯಿರಿ. ಆ ಗೆರೆಯ ಮೇಲೆ ಹತ್ತು ಅಡಿ ಉದ್ದ, ಎರಡು ಅಡಿ ಅಗಲ, ಒಂದೂವರೆ ಅಡಿ ಆಳದ ಕಂದಕ ತೋಡಿದರೆ ಒಂದೊಂದರಲ್ಲೂ ಸುಮಾರು 850 ಲೀಟರ್ ನಿಲ್ಲುತ್ತದೆ. ಮಣ್ಣನ್ನು ಕೆಳಗಿನ ಬದಿಗೇ ಹಾಕಿ, ಅಂಚಿನಿಂದ ಒಂದಡಿ ಬಿಟ್ಟು. ಕಂದಕಗಳು ಬಿಡಿಬಿಡಿಯಾಗಿರಲಿ, ಮೇಲಿನ ಸಾಲಿನ ಸಂದಿಗೆ ಕೆಳಗಿನ ಸಾಲಿನ ಕಂದಕ ಬರಲಿ. ಉದ್ದಕ್ಕೆ ಒಂದೇ ಕಂದಕ ತೋಡಿ ಮಟ್ಟ ಸ್ವಲ್ಪ ತಪ್ಪಿದರೆ, ನೀರೆಲ್ಲ ಒಂದೇ ಕಡೆ ಹರಿದು ಅಲ್ಲಿ ಒಡೆದು ಹೊಸ ಕೊರಕಲಾಗುತ್ತದೆ. ಜೆಸಿಬಿಯಲ್ಲಿ ಕಣ್ಣಂದಾಜಿಗೆ ತೋಡಿದ ಕಡೆ ಹೀಗಾಗುವುದು ಜಾಸ್ತಿ.

ದಡದ ಮೇಲೆ ಹೊಂಗೆ, ಬೇವು, ಸೀತಾಫಲ, ಹುಣಸೆ, ಕತ್ತಾಳೆ ನಡೆಯುತ್ತವೆ. ನೀಲಗಿರಿ ಬೇಡವೇ ಬೇಡ. ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರವೇ 2017ರಲ್ಲಿ ನಿಲ್ಲಿಸಿದೆ. ಗಿಡ ನೆಡುವುದಕ್ಕಿಂತ ಮುಖ್ಯ, ಎರಡು ಮೂರು ವರ್ಷ ದನ ಬಿಡದೆ ಕಾಯುವುದು. ಕಾಯುವವರ ಕೂಲಿ ಯೋಜನೆಯಲ್ಲಿ ಬರೆಯದಿದ್ದರೆ ಗಿಡದ ದುಡ್ಡೂ ವ್ಯರ್ಥ.

ಹೊಲಗಳಲ್ಲಿ. ಬದು ಹಾಕುವ ಮೊದಲು ಹೆಚ್ಚಿನ ನೀರು ಹೊರಹೋಗುವ ಬಾಯಿ ಎಲ್ಲಿ ಎಂದು ನಿರ್ಧರಿಸಿ, ಅದಕ್ಕೆ ಕಲ್ಲು ಕಟ್ಟಿ. ಬಾಯಿ ಇಲ್ಲದ ಬದು ಮೊದಲ ಜೋರು ಮಳೆಗೇ ಒಡೆಯುತ್ತದೆ. ಆಮೇಲೆ ರೈತರು ಸಿಟ್ಟಿನಿಂದ ಎಲ್ಲ ಬದುವನ್ನೂ ಉತ್ತುಬಿಡುತ್ತಾರೆ. ಇಳಿಜಾರಿಗೆ ಅಡ್ಡಲಾಗಿ ಉಳುವುದು, ರಾಗಿ ಸಾಲುಗಳ ನಡುವೆ ಅವರೆ ಅಥವಾ ತೊಗರಿ ಸಾಲು ಹಾಕುವುದು, ಇವಕ್ಕೆ ಖರ್ಚೇ ಇಲ್ಲ.

ಕೃಷಿ ಹೊಂಡ. ನೀರು ಹರಿದು ಬರುವ ಜಾಗದಲ್ಲಿರಲಿ, ಒಳಬಾಯಿಗೆ ಹೂಳು ನಿಲ್ಲುವ ಚಿಕ್ಕ ಗುಂಡಿ ಇರಲಿ. ಪ್ಲಾಸ್ಟಿಕ್ ಹಾಸಿದ ಹೊಂಡ ಬೆಳೆಗೆ ಒಂದೆರಡು ನೀರು ಕೊಡಲು ಸರಿ, ಆದರೆ ಅದು ಅಂತರ್ಜಲಕ್ಕೆ ಏನೂ ಕೊಡುವುದಿಲ್ಲ. ಪ್ಲಾಸ್ಟಿಕ್ ಹಾಸಿದ ಹೊಂಡ, ಹಾಸದ ಹೊಂಡ, ಇವೆರಡನ್ನು ಲೆಕ್ಕದಲ್ಲಿ ಬೇರೆ ಬೇರೆ ಬರೆಯಿರಿ. ಬೋರ್‌ವೆಲ್ ನೀರನ್ನು ಹೊಂಡಕ್ಕೆ ತುಂಬುತ್ತಿರುವುದು ಕಂಡರೆ ಅಲ್ಲೇ ನಿಲ್ಲಿಸಿ ಮಾತಾಡಿ. ನೆಲದೊಳಗೆ ನೆರಳಲ್ಲಿದ್ದ ನೀರನ್ನು ಬಿಸಿಲಿಗೆ ಹಾಕಿದ ಹಾಗೆ ಅದು.

ಕೊರಕಲು, ಹಳ್ಳ. ಮೇಲ್ತುದಿಯಲ್ಲಿ ಬರೀ ಕಲ್ಲಿನ ಚಿಕ್ಕ ತಡೆಗಳು. ನಡುಭಾಗ ತಗ್ಗಿರಬೇಕು, ಎರಡೂ ತುದಿ ದಡದೊಳಗೆ ಹೂತಿರಬೇಕು. ಇಲ್ಲದಿದ್ದರೆ ನೀರು ಪಕ್ಕ ಕೊರೆದುಕೊಂಡು ಹೋಗುತ್ತದೆ. ಮೇಲಿನ ಕೆಲಸ ಮುಗಿದು ಒಂದು ಮಳೆಗಾಲ ಕಳೆದ ಮೇಲೆ ಹಳ್ಳದ ನೀರು ನೋಡಿ. ಕೆಂಪು ಕಮ್ಮಿಯಾಗಿದ್ದರೆ ಚೆಕ್ ಡ್ಯಾಂ ಬೇಕೋ ಬೇಡವೋ ಆಗ ಯೋಚಿಸಿ.

ಕೆರೆ. ಮೊದಲು ಹದ್ದುಬಸ್ತು. ತಾಲೂಕು ಸರ್ವೆಯವರಿಂದ ಗಡಿ ಗುರುತಿಸಿ. ಎರಡನೆಯದು ಕೆರೆಗೆ ನೀರು ತರುವ ಕಾಲುವೆ ಬಿಡಿಸುವುದು. ಮೂರನೆಯದು ಏರಿ, ಕೋಡಿ, ತೂಬಿನ ದುರಸ್ತಿ. ಹೂಳು ಇವೆಲ್ಲದರ ನಂತರ. ಕಾಲುವೆ ಮುಚ್ಚಿಹೋದ ಕೆರೆಯ ಹೂಳೆತ್ತಿ ಖಾಲಿ ಕೆರೆ ನೋಡುತ್ತಾ ಕೂತ ಊರುಗಳು ನಮ್ಮಲ್ಲಿ ಕಮ್ಮಿ ಇಲ್ಲ. ಏರಿಯ ಬುಡದಲ್ಲಿ ಮಣ್ಣು ತೆಗೆಯಬೇಡಿ, ಏರಿ ಸಡಿಲವಾಗುತ್ತದೆ. ತೆಗೆದ ಗೋಡು ಕೆಂಪು ಮಣ್ಣಿನ ಹೊಲಕ್ಕೆ ಒಳ್ಳೆಯದು. ಆದರೆ ಒಂದು ಹಿಡಿ ನೀರಲ್ಲಿ ಕಲಸಿ ನೋಡಿ, ಅಂಟದೆ ಬರೀ ಮರಳಾಗಿದ್ದರೆ ಹೊಲಕ್ಕೆ ಒಯ್ಯುವುದರಲ್ಲಿ ಅರ್ಥವಿಲ್ಲ.

40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟಿನ ಕೆರೆ ಸಣ್ಣ ನೀರಾವರಿ ಇಲಾಖೆಯದು. ಅದನ್ನು ನೇರವಾಗಿ ಪಂಚಾಯಿತಿ ಪಟ್ಟಿಗೆ ಸೇರಿಸಿದರೆ ಕಡತ ವಾಪಸ್ ಬರುತ್ತದೆ.

## ಹಂತ 5: ಬರದ ಕ್ಯಾಲೆಂಡರ್

ಇದು ಪುಸ್ತಕದ ಎರಡನೇ ಭಾಗ. ಬರ ಘೋಷಣೆ ಆಗುವವರೆಗೆ ಕಾದರೆ ತಡವಾಗುತ್ತದೆ. ಮುಂಗಾರಿನ ಬರ ಘೋಷಣೆಗೆ ಕೇಂದ್ರದ ಬರ ನಿರ್ವಹಣಾ ಕೈಪಿಡಿಯಲ್ಲಿರುವ ಗಡುವೇ ಅಕ್ಟೋಬರ್ ಕೊನೆ. ಅಷ್ಟೊತ್ತಿಗೆ ಊರಲ್ಲಿ ಎಲ್ಲ ಮುಗಿದಿರುತ್ತದೆ.

ಘೋಷಣೆ ಹೇಗೆ ಆಗುತ್ತದೆ ಎಂದು ತಿಳಿದಿರಲಿ. ಮೊದಲು ಮಳೆ ಕೊರತೆ ಮತ್ತು ಸತತ ಮೂರ್ನಾಲ್ಕು ವಾರದ ಒಣ ಹವೆ ನೋಡುತ್ತಾರೆ. ಆಮೇಲೆ ಬಿತ್ತನೆ ಪ್ರದೇಶ, ಉಪಗ್ರಹದಲ್ಲಿ ಕಾಣುವ ಹಸಿರು, ಮಣ್ಣಿನ ತೇವ, ಅಂತರ್ಜಲ ಮತ್ತು ಜಲಾಶಯ. ಕೊನೆಗೆ ಶೇ. 10ರಷ್ಟು ಹಳ್ಳಿಗಳಲ್ಲಿ ಹೊಲಕ್ಕೆ ಬಂದು ನೋಡುತ್ತಾರೆ. ಬೆಳೆ ನಷ್ಟ ಶೇ. 33 ದಾಟಿದರೆ ಸಾಧಾರಣ ಬರ, 50 ದಾಟಿದರೆ ತೀವ್ರ. ಆದ್ದರಿಂದ ಬೆಳೆ ಸಮೀಕ್ಷೆಯಲ್ಲಿ ನಿಮ್ಮ ಹೊಲದಲ್ಲಿ ಯಾವ ಬೆಳೆ ಎಂದು ದಾಖಲಾಗಿದೆ, ಜುಲೈ, ಆಗಸ್ಟ್‌ನಲ್ಲೇ ನೋಡಿಕೊಳ್ಳಿ. ಪರಿಹಾರ ಬರುವುದು ರೈತರ ಗುರುತಿನ ಸಂಖ್ಯೆಯಾದ ಎಫ್‌ಐಡಿ ಮೂಲಕ. ಪಹಣಿ ಇನ್ನೂ ತಾತನ ಹೆಸರಲ್ಲಿರುವವರು, ಎಫ್‌ಐಡಿಗೆ ಎಲ್ಲ ಸರ್ವೆ ನಂಬರ್ ಸೇರಿಸದವರು ಪ್ರತಿ ಸಲ ಕೈಬಿಟ್ಟು ಹೋಗುತ್ತಾರೆ. ಅವರ ಪಟ್ಟಿಯನ್ನು ಬೇಸಿಗೆಯಲ್ಲೇ ಮಾಡಿ ಸರಿಪಡಿಸಿ.

ಊರಿನ ಕ್ಯಾಲೆಂಡರನ್ನು ಮಳೆ ನಕ್ಷತ್ರದ ಮೇಲೆ ಬರೆಯಿರಿ, ಎಲ್ಲರಿಗೂ ನೆನಪಿರುತ್ತದೆ. ಪುನರ್ವಸು ಮುಗಿಯುವವರೆಗೆ ಹದ ಮಳೆ ಆಗಲಿಲ್ಲವೆಂದರೆ ದೀರ್ಘಾವಧಿ ರಾಗಿ ಬಿಡಿ, ಜಿಪಿಯು 28 ಅಥವಾ ಎಂಎಲ್ 365ರಂಥ ಮಧ್ಯಮಾವಧಿ ತಳಿಗೆ ಬನ್ನಿ. ಜೊತೆಗೆ ನೀರಿರುವ ಒಂದೆರಡು ಕಡೆ ಸಮುದಾಯದ ಪೈರಿನ ಮಡಿ ಹಾಕಿಸಿ, ಮಳೆ ಬಂದಾಗ ನಾಟಿ ಮಾಡಬಹುದು. ಆಶ್ಲೇಷವೂ ಹೋದರೆ ಜಿಪಿಯು 48ರಂಥ ಅಲ್ಪಾವಧಿ ತಳಿ. ಮಘ ಕೈಕೊಟ್ಟರೆ ರಾಗಿ ಆಸೆ ಬಿಟ್ಟು ಹುರುಳಿ, ಮೇವಿನ ಜೋಳ. ಬೀಜ ರೈತ ಸಂಪರ್ಕ ಕೇಂದ್ರದಲ್ಲಿ ಆಗ ಸಿಗುತ್ತದೋ ಇಲ್ಲವೋ ಎಂದು ಮೇ ತಿಂಗಳಲ್ಲೇ ಕೇಳಿ ಬರೆದಿಟ್ಟುಕೊಳ್ಳಿ.

ಮೇವಿನ ಲೆಕ್ಕ ಬೇರೆ. ಒಂದು ದನಕ್ಕೆ ದಿನಕ್ಕೆ ಐದು ಕಿಲೊ ಒಣಹುಲ್ಲು ಹಿಡಿದರೆ, ನೂರು ದನಕ್ಕೆ ಮೂರು ತಿಂಗಳಿಗೆ 45 ಟನ್. ರಾಗಿ ಕಣ ಮುಗಿದ ಕೂಡಲೇ ಹೊರಗಿನ ವ್ಯಾಪಾರಿಗಳು ಹುಲ್ಲು ಕೊಳ್ಳಲು ಬರುತ್ತಾರೆ. ಊರಿನ ಬಣವೆಗಳಲ್ಲಿ ಎಷ್ಟು ಉಳಿಯಬೇಕು ಎಂದು ಅದಕ್ಕೂ ಮೊದಲೇ ಮಾತಾಡಿಕೊಂಡಿರಬೇಕು.

## ಹಂತ 6: ಗ್ರಾಮಸಭೆ ಮತ್ತು ಹಣ

ಇಲ್ಲಿ ಹೆಚ್ಚು ಹೇಳುವುದಿಲ್ಲ. ನಕ್ಷೆ ಮತ್ತು ನೀರಿನ ಲೆಕ್ಕ ಸರಿ ಇದ್ದರೆ ಈ ಹಂತ ತಾನಾಗಿ ಸಾಗುತ್ತದೆ. ಕಂದಕ, ಬದು, ಕಾಲುವೆ ಉದ್ಯೋಗ ಖಾತ್ರಿಗೆ. ಹೊಂಡ ಕೃಷಿ ಇಲಾಖೆಗೆ. ದಿಬ್ಬದ ಗಿಡ ಸಾಮಾಜಿಕ ಅರಣ್ಯಕ್ಕೆ. ಇಡೀ ಹಳ್ಳದ ಉಪಚಾರ ಜಲಾನಯನ ಇಲಾಖೆಗೆ. ಪ್ರತಿ ಕೆಲಸಕ್ಕೂ ಸರ್ವೆ ನಂಬರ್, ಫೋಟೊ, ಜಾಗದ ಮಾಲೀಕರ ಒಪ್ಪಿಗೆ ಇರಲಿ. "ಗ್ರಾಮದ ಆಯ್ದ ಸ್ಥಳಗಳಲ್ಲಿ" ಎಂದು ಬರೆದ ಕೆಲಸ ಕೊನೆಗೆ ಪ್ರಭಾವ ಇದ್ದವರ ಜಮೀನಿಗೆ ಹೋಗುತ್ತದೆ.

ವಾರ್ಡ್ ಸಭೆಯಲ್ಲೇ ಹೆಣ್ಣುಮಕ್ಕಳು, ಜಮೀನಿಲ್ಲದವರು, ಕುರಿಗಾರರು ಮಾತಾಡಿರಬೇಕು. ಗೋಮಾಳ ಮುಚ್ಚಿದರೆ ಮೊದಲ ನಷ್ಟ ಅವರಿಗೆ. ಬೇಲಿ ಹಾಕುವ ಮುನ್ನ ಅವರ ದನ, ಕುರಿ ಎಲ್ಲಿ ಮೇಯಬೇಕು ಎಂಬುದಕ್ಕೆ ಉತ್ತರ ಇರಲಿ.

## ಹಂತ 7: ಮೊದಲ ಜೋರು ಮಳೆಯಲ್ಲಿ ಮತ್ತೆ ನಡೆಯಿರಿ

ಕೆಲಸ ಮುಗಿದ ಮೇಲೆ ಬಿಲ್ಲಿನ ಫೋಟೊ ಸಾಕಾಗುವುದಿಲ್ಲ. ಜೋರು ಮಳೆ ಬಂದ ದಿನವೇ, ಹೆಚ್ಚೆಂದರೆ ಮರುದಿನ ಬೆಳಿಗ್ಗೆ, ನೆತ್ತಿಯಿಂದ ಕೆರೆವರೆಗೆ ನಡೆಯಿರಿ. ಕಂದಕದಲ್ಲಿ ನೀರು ಒಂದೇ ತುದಿಗೆ ನಿಂತಿದ್ದರೆ ಮಟ್ಟ ತಪ್ಪಿದೆ, ನಡುವೆ ಮಣ್ಣಿನ ತಡೆ ಹಾಕಿ. ಬದುವಿನ ಬಾಯಲ್ಲಿ ಕಲ್ಲು ಸರಿದಿದ್ದರೆ ಅಂದೇ ಕೂರಿಸಿ. ಕಲ್ಲು ತಡೆಯ ಪಕ್ಕದಲ್ಲಿ ಹೊಸ ಸೀಳು ಕಂಡರೆ ತುದಿಯನ್ನು ದಡದೊಳಗೆ ಇನ್ನೂ ಎರಡಡಿ ಹೂಳಿ.

ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ, ಗುರುತು ಮಾಡಿದ ಅದೇ ಬಾವಿಗಳ ನೀರಿನ ಮಟ್ಟ ಅಳೆಯಿರಿ. ಹತ್ತಿರದಲ್ಲಿ ಮೋಟಾರು ಓಡುತ್ತಿರುವಾಗ ಅಳೆದರೆ ಅಂಕಿ ಸುಳ್ಳಾಗುತ್ತದೆ. ಕೆಲವು ಗಂಟೆ ನಿಂತಿರಲಿ. ಒಳ್ಳೆಯ ಮಳೆಯ ನಂತರವೂ ನವೆಂಬರ್ ಮಟ್ಟ ಹಿಂದಿನ ನವೆಂಬರ್‌ಗಿಂತ ಕೆಳಗಿದ್ದರೆ ಕಂದಕ ಹೆಚ್ಚಿಸಲು ಓಡಬೇಡಿ. ಹಂತ 3ರ ಖರ್ಚಿನ ಕಡೆ ಹೋಗಿ, ಆ ವರ್ಷ ಎಷ್ಟು ಹೊಸ ಬೋರ್, ಎಷ್ಟು ಹೊಸ ತೋಟ ಸೇರಿತು ಎಂದು ನೋಡಿ, ಹೊಸ ಅಂಕಿ ಹಾಕಿ ಮುಂದಿನ ಗ್ರಾಮಸಭೆಗೆ ಇಡಿ.